ಪುಟದ ಮೂಲೆಯ ಎಂಜಲು

ಮೇಷ್ಟ್ರು ತೀರಿಕೊಂಡು ಹದಿನೈದು ದಿನ ಕಳೆದ ಮೇಲೆ ಅವರ ಮಗಳು ಒಂದು ಪುಸ್ತಕ ತಂದು ನನ್ನ ಕೈಗಿಟ್ಟಳು. "ಅಪ್ಪ ಕೊನೇಲಿ ಓದ್ತಾ ಇದ್ದದ್ದು ಇದೇ ಅಣ್ಣ. ನಮ್ಮನೇಲಿ ಇನ್ಯಾರೂ ಓದೋರಿಲ್ಲ, ನೀವೇ ಇಟ್ಕೊಳ್ಳಿ" ಎಂದಳು. ಇಟಲಿಯ ಉಂಬರ್ಟೊ ಎಕೊ ಬರೆದ 'ದಿ ನೇಮ್ ಆಫ್ ದಿ ರೋಸ್' ಕಾದಂಬರಿಯ ಇಂಗ್ಲಿಷ್ ಅನುವಾದ ಅದು. ಹೊದಿಕೆ ಹರಿದಿತ್ತು, ಬೆನ್ನಿನ ಅಂಟು ಬಿಟ್ಟಿತ್ತು. ಮನೆಗೆ ಬಂದು ತೆರೆದಾಗ ನನ್ನ ಕಣ್ಣು ಮೊದಲು ನಿಂತದ್ದು ಅಕ್ಷರಗಳ ಮೇಲಲ್ಲ, ಹಾಳೆಗಳ ಬಲಗಡೆಯ ಕೆಳಮೂಲೆಯ ಮೇಲೆ. ಒಂದಾದ ಮೇಲೊಂದು ಹಾಳೆಯ ಮೂಲೆ ಮಂಕಾಗಿತ್ತು, ನೀರು ಕುಡಿದು ಒಣಗಿದ ಹಾಗೆ ತುಸು ಉಬ್ಬಿತ್ತು. ಮೇಷ್ಟ್ರು ಬೆರಳನ್ನು ನಾಲಗೆಗೆ ಮುಟ್ಟಿಸಿ ಹಾಳೆ ತಿರುವುತ್ತಿದ್ದರು. ಆ ಬೆರಳು ಈಗ ಇಲ್ಲ, ಅದರ ಒದ್ದೆ ಇಲ್ಲಿ ಉಳಿದಿದೆ.

ನಾವು ಚಿಕ್ಕವರಿದ್ದಾಗ ಇದೇ ಮೇಷ್ಟ್ರು ತರಗತಿಯಲ್ಲಿ ಹೇಳುತ್ತಿದ್ದ ಮಾತು ಬೇರೆ. ಪುಸ್ತಕ ಅಂದರೆ ಸರಸ್ವತಿ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು, ಎಂಜಲು ಬೆರಳು ತಾಗಿಸಲೇಬಾರದು. ಹೇಳಿದವರೂ ಅವರೇ, ಮೀರಿದವರೂ ಅವರೇ. ಇದನ್ನು ಅವರ ಕೊರತೆಯೆಂದು ನಾನು ಹೇಳುತ್ತಿಲ್ಲ. ಓದು ಗಾಢವಾದಾಗ ಮನುಷ್ಯ ತನ್ನ ಬೆರಳನ್ನು ಮರೆಯುತ್ತಾನೆ, ಮರೆತ ಬೆರಳು ತನಗೆ ಬೇಕಾದದ್ದನ್ನು ಮಾಡುತ್ತದೆ. ಆದರೆ ಈ ಪುಸ್ತಕದಲ್ಲೇ ಅವರು ಹಾಗೆ ಮೈಮರೆತರಲ್ಲ ಎಂದು ಯೋಚಿಸಿದಾಗ ಮೈ ಜುಮ್ಮೆಂದಿತು. ಯಾಕೆಂದರೆ ಈ ಕಾದಂಬರಿಯಲ್ಲಿ ಒದ್ದೆ ಬೆರಳಿಂದ ಹಾಳೆ ತಿರುವಿದವರೇ ಸಾಯುತ್ತಾರೆ.

ಕಥೆ ನಡೆಯುವುದು 1327ರ ನವೆಂಬರ್ ಕೊನೆಯಲ್ಲಿ, ಉತ್ತರ ಇಟಲಿಯ ಬೆಟ್ಟದ ಮೇಲಿನ ಒಂದು ಬೆನೆಡಿಕ್ಟೈನ್ ಮಠದಲ್ಲಿ. ಏಳೇ ದಿನಗಳ ಕಥೆ. ಒಂದೊಂದು ದಿನವೂ ಸನ್ಯಾಸಿಗಳ ಪ್ರಾರ್ಥನೆಯ ಹೊತ್ತುಗಳಾಗಿ ಹೋಳಾಗುತ್ತದೆ. ಸೃಷ್ಟಿಯ ಕೆಲಸಕ್ಕೆ ಆರು ದಿನ, ಏಳನೆಯದು ವಿಶ್ರಾಂತಿಗೆ ಎನ್ನುವ ಧರ್ಮದವರ ಮಠ ಏಳು ದಿನಗಳಲ್ಲಿ ಇಲ್ಲವಾಗುತ್ತದೆ. ಪ್ರತಿ ಹೊತ್ತಿಗೂ ಗಂಟೆ ಬಾರಿಸುತ್ತದೆ, ಪ್ರತಿ ಗಂಟೆಯೂ ಒಂದಿಷ್ಟನ್ನು ಕಳೆಯುತ್ತದೆ. ಸಾವುಗಳ ಬೆನ್ನು ಹತ್ತಲು ಬಂದವನು ಬಾಸ್ಕರ್‌ವಿಲ್‌ನ ವಿಲಿಯಂ ಎಂಬ ಇಂಗ್ಲಿಷ್ ಫ್ರಾನ್ಸಿಸ್ಕನ್ ಸನ್ಯಾಸಿ. ಅವನ ಜೊತೆಗಿರುವವನು ಇನ್ನೂ ದೀಕ್ಷೆ ಪೂರ್ತಿಯಾಗದ ಹುಡುಗ ಅಡ್ಸೊ. ಆ ಹುಡುಗ ಮುದುಕನಾದ ಮೇಲೆ, ಡ್ಯಾನ್ಯೂಬ್ ದಂಡೆಯ ಮೆಲ್ಕ್ ಮಠದಲ್ಲಿ ಕುಳಿತು ನೆನೆದು ಬರೆದದ್ದು ಈ ಕಥೆ. ಹಿಮ ಬೇಗ ಬೀಳುವ ಎತ್ತರದ ಜಾಗವನ್ನೇ ಎಕೊ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿತ್ತು. ಎರಡನೆಯ ಹೆಣ ಹಂದಿಯ ರಕ್ತ ತುಂಬಿದ ಹಂಡೆಯಲ್ಲಿ ತಲೆಕೆಳಗಾಗಿ ಸಿಗಬೇಕಿತ್ತು, ಹಂದಿ ಕೊಯ್ಯುವುದು ಚಳಿ ಬಿದ್ದ ಮೇಲೆ. ಇಂಥ ಸಣ್ಣ ನಿಜಗಳ ಮೇಲೆ ನಿಂತಿರುವುದರಿಂದಲೇ ಆ ಮಠ ನಮಗೆ ನಂಬುಗೆಯಾಗುತ್ತದೆ, ನಂಬಿದ್ದರಿಂದಲೇ ಅದು ಉರಿದಾಗ ಬೇಗೆ ತಟ್ಟುತ್ತದೆ.

ಸತ್ತವರಲ್ಲಿ ಮೂವರ ಬೆರಳು ಕಪ್ಪಾಗಿರುತ್ತದೆ, ನಾಲಗೆಯೂ ಕಪ್ಪು. ಆ ಮಠದ ಗ್ರಂಥಭಂಡಾರದಲ್ಲಿ ಒಂದು ಪುಸ್ತಕವಿದೆ. ಅದರ ಹಾಳೆಗಳಿಗೆ ವಿಷ ಸವರಿದೆ. ಹಳೆಯದಾದ ಕಾಗದ, ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಲು ಬೆರಳು ನೆನೆಸಲೇಬೇಕು. ಬೆರಳು ನಾಲಗೆಗೆ, ನಾಲಗೆಯಿಂದ ಹಾಳೆಗೆ, ಹಾಳೆಯಿಂದ ಮತ್ತೆ ನಾಲಗೆಗೆ. ಓದುವ ಆಸೆ ಹೆಚ್ಚಿದಷ್ಟೂ ಸಾವು ಹತ್ತಿರ. ಇದನ್ನು ಹೂಡಿದವನು ಹೋರ್ಹೆ ಎಂಬ ಕುರುಡ ಮುದುಕ ಸನ್ಯಾಸಿ. ಕಾದಂಬರಿಯನ್ನು ಇನ್ನೂ ಓದದವರಿಗೆ ಗುಟ್ಟು ಒಡೆದು ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ. ಕೊಲೆಗಾರ ಯಾರೆಂಬ ಕುತೂಹಲ ತೀರಿದ ಮೇಲೂ ಈ ಪುಸ್ತಕ ಮುಗಿಯುವುದಿಲ್ಲ, ನನ್ನ ಅನುಭವದಲ್ಲಿ ಶುರುವಾಗುವುದೇ ಆಮೇಲೆ.

ಹಾಗೆ ಕಾಯ್ದಿಟ್ಟ ಪುಸ್ತಕ ಯಾವುದು? ಅರಿಸ್ಟಾಟಲನ ಕಾವ್ಯಮೀಮಾಂಸೆಯ ಎರಡನೆಯ ಭಾಗ, ಹಾಸ್ಯನಾಟಕದ ಬಗೆಗಿನದು. ನಮ್ಮ ಕಾಲಕ್ಕೆ ಉಳಿದು ಬಂದ ಮೊದಲ ಭಾಗದಲ್ಲಿ ಹಾಸ್ಯದ ವಿಷಯವನ್ನು ಮುಂದೆ ಹೇಳುತ್ತೇನೆಂದು ಅರಿಸ್ಟಾಟಲ್ ಮಾತು ಕೊಡುತ್ತಾನೆ. ಆ ಮುಂದು ನಮಗೆ ಸಿಕ್ಕಿಲ್ಲ. ಹೀಗೆ ಲೋಕದಿಂದ ಕಾಣೆಯಾದ ಪುಸ್ತಕವೊಂದಕ್ಕೆ ಎಕೊ ತಮ್ಮ ಕಲ್ಪನೆಯ ಬೆಟ್ಟದ ಮೇಲೆ ಒಂದೇ ಒಂದು ಪ್ರತಿ ಕೊಟ್ಟರು, ಏಳನೆಯ ದಿನ ಅದನ್ನೂ ಕಿತ್ತುಕೊಂಡರು. ಕಳೆದುಹೋದದ್ದನ್ನು ಇನ್ನೊಮ್ಮೆ ಕಳೆಯಲು ಒಂದು ಕಾದಂಬರಿ ಬರೆಯಬೇಕೆ ಎಂದು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಬರೆಯಬೇಕೇನೋ. ಇತಿಹಾಸದಲ್ಲಿ ಪುಸ್ತಕ ಕಳೆಯುವುದು ಸದ್ದಿಲ್ಲದೆ. ಯಾವ ದಿನ, ಯಾವ ಮನೆಯಲ್ಲಿ, ಯಾರ ಕಣ್ಣೆದುರು ಕೊನೆಯ ಪ್ರತಿ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಸಾಕ್ಷಿಯಿಲ್ಲದ ಆ ಸಾವಿಗೆ ಎಕೊ ಸಾಕ್ಷಿಯನ್ನು ಕೊಟ್ಟರು. ಅಳುವವರೇ ಇಲ್ಲದ ಹೆಣದ ಪಕ್ಕ ಅಡ್ಸೊ ಎಂಬ ಹುಡುಗನನ್ನು ಕೂರಿಸಿದರು.

ಅರಿಸ್ಟಾಟಲನ ಪುಸ್ತಕಗಳ ಪಾಡನ್ನು ಪ್ರಾಚೀನ ಭೂಗೋಳಕಾರ ಸ್ಟ್ರಾಬೊ ಹೇಳಿದ್ದಾನೆ. ಅವು ಕೈಯಿಂದ ಕೈಗೆ ಸಾಗಿ ಸ್ಕೆಪ್ಸಿಸ್ ಎಂಬ ಊರಿನ ನೆಲಿಯಸನ ಮನೆ ಸೇರಿದವು. ಅವನ ವಾರಸುದಾರರು ಓದುಬರಹದವರಲ್ಲ. ಪೆರ್ಗಮಮ್ಮಿನ ದೊರೆಗಳು ತಮ್ಮ ಗ್ರಂಥಭಂಡಾರಕ್ಕಾಗಿ ಪುಸ್ತಕ ಹುಡುಕಿಸುತ್ತಿದ್ದಾರೆಂದು ಕೇಳಿ ಹೆದರಿ, ಎಲ್ಲವನ್ನೂ ನೆಲದಡಿಯ ಹಳ್ಳವೊಂದರಲ್ಲಿ ಬಚ್ಚಿಟ್ಟರು. ತೇವ ತಿಂದಿತು, ಹುಳು ತಿಂದಿತು. ಕಾಲಾನಂತರ ಕೊಂಡವನು ತೂತುಗಳನ್ನು ತನಗೆ ತೋಚಿದಂತೆ ತುಂಬಿ ತಪ್ಪುತಪ್ಪಾಗಿ ನಕಲು ಮಾಡಿಸಿದ. ಈ ಕಥೆ ಅಕ್ಷರಶಃ ನಿಜವೋ ಅಲ್ಲವೋ, ಅದರೊಳಗಿನ ನೋವು ಮಾತ್ರ ನಿಜ. ಕದಿಯಲು ಬಂದವರಿಂದ ಪುಸ್ತಕ ಹಾಳಾಗಲಿಲ್ಲ, ಕಾಯಲು ಹೊರಟವರಿಂದ ಹಾಳಾಯಿತು. ಅರಿಸ್ಟಾಟಲ್ ಜನರಿಗಾಗಿ ಸೊಗಸಾಗಿ ಬರೆದ ಸಂವಾದಗಳು ಅಳಿದವು. ನಮಗೆ ಉಳಿದದ್ದು ಹೆಚ್ಚಾಗಿ ಶಿಷ್ಯರಿಗೆ ಪಾಠ ಹೇಳಲು ಇಟ್ಟುಕೊಂಡಿದ್ದ ಟಿಪ್ಪಣಿಗಳು. ಯಾವುದು ಉಳಿಯಬೇಕೆಂದು ಬರೆದವನು ಬಯಸಿದ್ದನೋ ಅದು ಹೋಯಿತು, ಯಾವುದು ಕೈಬಳಕೆಯದಾಗಿತ್ತೋ ಅದು ನಿಂತಿತು.

ಹೋರ್ಹೆಯನ್ನು ದ್ವೇಷಿಸುವುದು ಸುಲಭ. ಆದರೆ ಅವನ ಭಯ ನಮಗೆ ಪರಕೀಯವೇನಲ್ಲ. ನಮ್ಮ ಓಲೆಗರಿಗಳ ಕಟ್ಟುಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ಒಂದು ಪ್ರಸಿದ್ಧ ಶ್ಲೋಕವಿದೆ. ಅದರಲ್ಲಿ ಪುಸ್ತಕವೇ ಬಾಯಿಬಿಟ್ಟು ಬೇಡಿಕೊಳ್ಳುತ್ತದೆ: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಮಾತ್ರ ಕೊಡಬೇಡಿ ಎಂದು. ಮೊದಲ ಮೂರನ್ನು ಓದುವಾಗ ಕಣ್ಣು ತೇವವಾಗುತ್ತದೆ. ನಾಲ್ಕನೆಯದರ ಹತ್ತಿರ ನಾನು ತಡೆಯುತ್ತೇನೆ. ಮೂರ್ಖ ಯಾರೆಂದು ತೀರ್ಮಾನಿಸುವವರು ಯಾರು? ಆ ಒಂದು ಪ್ರಶ್ನೆಗೆ ತಾನೇ ಉತ್ತರವೆಂದು ಒಬ್ಬ ನಂಬಿದಾಗ ಲಿಪಿಕಾರನ ಅಕ್ಕರೆ ಹೋರ್ಹೆಯ ವಿಷವಾಗುತ್ತದೆ. ನಗುವನ್ನು ಅರಿಸ್ಟಾಟಲನಂಥವನೇ ಒಪ್ಪಿಬಿಟ್ಟರೆ ಪಾಮರರು ದೇವರ ಭಯವನ್ನು ಬಿಡುತ್ತಾರೆಂದು ಆ ಮುದುಕ ಪ್ರಾಮಾಣಿಕವಾಗಿ ಹೆದರಿದ್ದ. ಪುಸ್ತಕವನ್ನು ಸುಡಲಿಲ್ಲ ಎನ್ನುವುದನ್ನು ನೆನಪಿಡಬೇಕು. ಹತ್ತಿಪ್ಪತ್ತಲ್ಲ, ನಲವತ್ತು ವರ್ಷ ಕಣ್ಣಿಲ್ಲದೆ ಬದುಕಿದವನಿಗೆ ಪುಸ್ತಕವನ್ನು ನಾಶ ಮಾಡಲು ಮನಸ್ಸು ಬರಲಿಲ್ಲ, ಇನ್ನೊಬ್ಬರು ಓದುವುದನ್ನು ಸಹಿಸಲೂ ಆಗಲಿಲ್ಲ. ಈ ಎರಡರ ನಡುವೆ ಸಿಕ್ಕಿದ ಪ್ರೀತಿ ಎಂಥ ಪ್ರೀತಿ? ನಾವೂ ಎಷ್ಟೋ ಸಂಗತಿಗಳನ್ನು ಹೀಗೆ ಇಟ್ಟುಕೊಂಡಿಲ್ಲವೆ, ಬಳಸದೆ, ಕೊಡದೆ, ಬಿಸಾಡದೆ?

ಅವನು ಕಾಯುತ್ತಿದ್ದ ಆ ಭಂಡಾರದ ರಚನೆಯೇ ಒಂದು ಸಂಕೇತ. 56 ಕೋಣೆಗಳು, ಚಕ್ರವ್ಯೂಹದ ಹಾಗೆ ಒಂದರೊಳಗಿಂದ ಒಂದಕ್ಕೆ ತೆರೆಯುವಂಥವು. ಪ್ರತಿ ಕೋಣೆಯ ಮೇಲೊಂದು ವಾಕ್ಯ, ಅದರಲ್ಲೊಂದು ಅಕ್ಷರ. ಅಕ್ಷರಗಳನ್ನು ಸರಿಯಾಗಿ ಕೂಡಿಸಿದರೆ ನಾಡುಗಳ ಹೆಸರು, ನಾಡುಗಳನ್ನು ಕೂಡಿಸಿದರೆ ಅಂದಿನವರು ಬಲ್ಲ ಭೂಮಂಡಲದ ನಕ್ಷೆ. ಆ ನಕ್ಷೆಯ ತುದಿಯಲ್ಲಿ ಆಫ್ರಿಕಾದ ಅಂಚೆಂದು ಕರೆಯುವ ಗುಪ್ತ ಕೋಣೆ, ಅದರ ಬಾಗಿಲಾಗಿ ಒಂದು ಕನ್ನಡಿ. ನುಗ್ಗಿ ಬಂದವನಿಗೆ ಅಲ್ಲಿ ಕಾಣುವುದು ಡೊಂಕಾಗಿ ಹಿಗ್ಗಿದ ತನ್ನದೇ ರೂಪ. ಬೆಚ್ಚಿ ಹಿಂದಿರುಗುತ್ತಾನೆ. ಅರ್ಜೆಂಟೀನಾದ ಬೋರ್ಹೆಸ್ ನೆನಪಾಗದಿರದು. ಕಣ್ಣು ಕಳೆದುಕೊಂಡ ಹೊತ್ತಿನಲ್ಲೇ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕನಾಗಿ, ಕನ್ನಡಿ ಮತ್ತು ಚಕ್ರವ್ಯೂಹಗಳನ್ನೇ ಬರೆದ ಆ ಲೇಖಕನಿಗೆ ಎಕೊ ಸಲ್ಲಿಸಿದ ಋಣವೇ ಹೋರ್ಹೆ ಎಂಬ ಹೆಸರು. ಆ ಭಂಡಾರದ ದಾರಿ ಗೊತ್ತಿದ್ದದ್ದು ಗ್ರಂಥಪಾಲಕನಿಗೆ ಮತ್ತು ಅವನ ಸಹಾಯಕನಿಗೆ ಮಾತ್ರ. ಬಾಯಿಂದ ಬಾಯಿಗೆ, ಒಬ್ಬನಿಂದ ಒಬ್ಬನಿಗೆ ಸಾಗುವ ಗುಟ್ಟು.

ಏಳನೆಯ ರಾತ್ರಿ ಬೆಂಕಿ ಬಿತ್ತು. ಹಿಡಿದೇಬಿಟ್ಟರೆಂದು ತಿಳಿದಾಗ ಹೋರ್ಹೆ ಆ ಪುಸ್ತಕದ ಹಾಳೆಗಳನ್ನು ಹರಿದು ಬಾಯಿಗೆ ತುರುಕಿಕೊಳ್ಳುತ್ತಾನೆ. ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಯೋಹಾನನಿಗೆ ದೇವದೂತ ಒಂದು ಸುರುಳಿ ಕೊಟ್ಟು ತಿನ್ನಲು ಹೇಳುತ್ತಾನೆ. ಬಾಯಲ್ಲಿ ಸಿಹಿ, ಹೊಟ್ಟೆಯಲ್ಲಿ ಕಹಿ. ಅದರ ನೆರಳು ಇಲ್ಲಿದೆ. ಬೇರೆಯವರು ತುದಿನಾಲಗೆಯಲ್ಲೂ ಮುಟ್ಟಬಾರದೆಂದು ಕಾದವನು ಕೊನೆಗೆ ಇಡಿಯಾಗಿ ನುಂಗಿದ. ಅವನು ಕೆಡವಿದ ದೀಪ ಒಣಗಿದ ಹೊತ್ತಗೆಗಳ ಮೇಲೆ ಬಿತ್ತು. ಅಲ್ಲಿ ನನ್ನನ್ನು ಕಾಡುವ ಸಂಗತಿಯೆಂದರೆ ಬೆಂಕಿಗಿಂತ ಬೆಂಕಿಯ ಸುತ್ತಲಿನ ಜನರ ಅಸಹಾಯಕತೆ. ಮಠದ ತುಂಬ ಗಟ್ಟಿಮುಟ್ಟಾದ ಆಳುಗಳಿದ್ದರು, ಸನ್ಯಾಸಿಗಳಿದ್ದರು. ಒಳದಾರಿ ಬಲ್ಲ ಗ್ರಂಥಪಾಲಕ ಸತ್ತಿದ್ದ, ಸಹಾಯಕನೂ ಸತ್ತಿದ್ದ, ಮಠಾಧಿಪತಿಯೂ ಉಸಿರುಗಟ್ಟಿ ಸತ್ತಿದ್ದ. ಕಳ್ಳರು ಬರಬಾರದೆಂದು ಕಟ್ಟಿದ ಚಕ್ರವ್ಯೂಹದಲ್ಲಿ ರಕ್ಷಿಸುವವರಿಗೂ ದಾರಿ ಇರಲಿಲ್ಲ. ಮೂರು ಹಗಲು, ಮೂರು ರಾತ್ರಿ ಉರಿಯಿತು.

ಇತಿಹಾಸ ಇನ್ನೊಂದು ಬೆನೆಡಿಕ್ಟೈನ್ ಮಠವನ್ನೂ ತೋರಿಸುತ್ತದೆ. ಆ ಪಂಥದ ತವರಾದ ಮಾಂಟೆ ಕಸ್ಸಿನೊವನ್ನು 1944ರ ಫೆಬ್ರವರಿ 15ರಂದು ಮಿತ್ರಪಡೆಗಳ ವಿಮಾನಗಳು ಬಾಂಬು ಸುರಿದು ಕಲ್ಲುಗುಪ್ಪೆ ಮಾಡಿದವು. ಅಲ್ಲಿನ ಹಸ್ತಪ್ರತಿಗಳನ್ನು ಅದಕ್ಕೆ ಮುಂಚೆಯೇ ಲಾರಿಗಳಲ್ಲಿ ತುಂಬಿ ರೋಮಿಗೆ ಸಾಗಿಸಿದ್ದರು. ಶತಮಾನಗಳ ಕಲ್ಲು ಒಂದೇ ಬೆಳಗಿನಲ್ಲಿ ಹೋಯಿತು, ಮನೆಬಿಟ್ಟು ಹೊರಟ ಎಲೆಹಾಳೆಗಳು ಉಳಿದವು.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಮೇಷ್ಟ್ರ ಪ್ರತಿಯಲ್ಲಿ ಮೂಲೆಯ ಮಂಕಿನ ಜೊತೆಗೆ ಅಂಚಿನಲ್ಲಿ ಅಲ್ಲಲ್ಲಿ ಸೀಸದಕಡ್ಡಿಯ ಪುಟ್ಟ ಗೆರೆಗಳಿದ್ದವು. ಎಣಿಸಿದೆ, 23. ಒಂದು ಗೆರೆ ನಗುವಿನ ಕುರಿತ ವಾದದ ಬಳಿ, ಒಂದು ಮೂಲಿಕೆಯ ತೋಟದ ಬಳಿ, ಒಂದು ಚರ್ಚಿನ ಬಾಗಿಲ ಶಿಲ್ಪದ ವರ್ಣನೆಯ ಬಳಿ, ಒಂದು ಯಾರೋ ಊಟಕ್ಕೆ ಏಳುವಲ್ಲಿ. ಅವರೊಳಗೆ ಏನು ನಡೆದಿತ್ತೆಂದು ಈ ಗೆರೆಗಳಿಂದ ತಿಳಿಯಬಹುದೆಂದು ನಂಬಿದೆ. ವಾರಗಟ್ಟಲೆ ಕೂತು ಜೋಡಿಸಿದೆ. ಸಾವು ಹತ್ತಿರವಿದ್ದ ಮನುಷ್ಯ ದೇಹದ ಸುಖಗಳಿಗೆ ಒಂದೊಂದಾಗಿ ವಿದಾಯ ಹೇಳುತ್ತಿದ್ದಾನೆ, ನಗು, ಹಸಿರು, ರೂಪ, ಅನ್ನ ಎಂದು ಅರ್ಥಮಾಡಿಕೊಂಡೆ. ಅರ್ಥ ಸುಂದರವಾಗಿತ್ತು. ಅವರ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಪ್ಪಂಗೆ ಕಣ್ಣು ಮಂಜಾಗಿತ್ತಲ್ಲ ಅಣ್ಣ. ದಿನಾ ಓದು ನಿಲ್ಲಿಸಿದ ಕಡೆ ಒಂದು ಗೆರೆ ಎಳೀತಿದ್ರು, ಮಾರನೇ ದಿನ ಹುಡುಕೋಕೆ."

ವಿಲಿಯಂಗೂ ಆದದ್ದು ಅದೇ. ಮೊದಲ ಸಾವು ಆಲಿಕಲ್ಲಿನ ರಾತ್ರಿ, ಎರಡನೆಯದು ರಕ್ತದಲ್ಲಿ, ಮೂರನೆಯದು ನೀರಿನಲ್ಲಿ, ನಾಲ್ಕನೆಯದು ಆಕಾಶಗೋಳದ ಉಪಕರಣದ ಏಟಿನಿಂದ, ಐದನೆಯವನ ಬಾಯಲ್ಲಿ ಚೇಳುಗಳ ಮಾತು. ಎಲ್ಲವೂ ಬೈಬಲ್ಲಿನ ಆ ಕೊನೆಯ ಪುಸ್ತಕದ ಪ್ರಳಯದ ಕಹಳೆಗಳ ವರ್ಣನೆಗೆ ಸರಿಹೊಂದುತ್ತದೆ, ಯಾರೋ ಒಂದು ಯೋಜನೆಯಂತೆ ಕೊಲ್ಲುತ್ತಿದ್ದಾರೆ ಎಂದು ಅವನು ನಂಬುತ್ತಾನೆ. ಯೋಜನೆ ಇರಲೇ ಇಲ್ಲ. ಒಂದು ಆತ್ಮಹತ್ಯೆ, ಒಂದು ಅಸೂಯೆಯ ಕೊಲೆ, ಮೂರು ವಿಷ. ಇಲ್ಲದ ಯೋಜನೆಯ ಜಾಡು ಹಿಡಿದೇ ಅವನು ಇರುವ ಕೊಲೆಗಾರನನ್ನು ತಲುಪುತ್ತಾನೆ. ಜಾಡು ಸುಳ್ಳಾಗಿತ್ತು, ತಲುಪಿದ ಬಾಗಿಲು ನಿಜವಾಗಿತ್ತು. ಸಂಕೇತವಿಜ್ಞಾನವನ್ನೇ ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಪ್ರಾಧ್ಯಾಪಕರೊಬ್ಬರು 1980ರಲ್ಲಿ ತಮ್ಮ ಮೊದಲ ಕಾದಂಬರಿಯ ಕೊನೆಗೆ ಈ ಮಾತನ್ನು ತಂದು ನಿಲ್ಲಿಸಿದ್ದು ನನಗೆ ದೊಡ್ಡ ವಿನಯವಾಗಿ ಕಾಣುತ್ತದೆ. ಗುರುತುಗಳು ಉಳಿಯುತ್ತವೆ, ಗುರುತಿಟ್ಟವನ ಮನಸ್ಸು ಉಳಿಯುವುದಿಲ್ಲ. ಆ ನಡುವಿನ ಖಾಲಿಯನ್ನು ನಾವು ನಮ್ಮ ಹಂಬಲದಿಂದ ತುಂಬುತ್ತೇವೆ. ಹಾಗೆ ತುಂಬಿದ್ದು ತಪ್ಪೆಂದು ತಿಳಿದ ಮೇಲೂ ನನಗೆ ಏನೋ ಸಿಕ್ಕಿತ್ತು. ಮೇಷ್ಟ್ರು 23 ಸಂಜೆ ಈ ಪುಸ್ತಕದ ಜೊತೆ ಕೂತಿದ್ದರು. ಸಂಜೆಗಳ ಎಣಿಕೆ ಸಿಕ್ಕಿತು.

ಇನ್ನೊಂದೂ ಸಿಕ್ಕಿತು. ಕೊನೆಯ ಗೆರೆ ಇರುವುದು ಆರನೆಯ ದಿನದ ಅಧ್ಯಾಯಗಳಲ್ಲಿ. ಅಲ್ಲಿಂದ ಮುಂದೆ ಹಾಳೆಗಳ ಮೂಲೆ ಬೆಳ್ಳಗೆ, ಹೊಸದರ ಹಾಗೆ ನೆಟ್ಟಗೆ ಇವೆ. ಮೇಷ್ಟ್ರು ಬೆಂಕಿಯ ಪುಟಗಳನ್ನು ತಲುಪಿರಲಿಲ್ಲ. ಅವರ ಪಾಲಿಗೆ ಆ ಗ್ರಂಥಭಂಡಾರ ಉರಿಯಲೇ ಇಲ್ಲ.

ಈ ಸಂಗತಿಯ ಮುಂದೆ ನಾನು ಬಹಳ ದಿನ ಕೂತಿದ್ದೇನೆ. ಒಂದು ಪುಸ್ತಕದಲ್ಲಿ ಒಂದು ಭಂಡಾರ ಉರಿದಿದೆಯೆ, ಇಲ್ಲವೆ ಎನ್ನುವುದು ಓದುಗ ಎಲ್ಲಿ ನಿಂತ ಎನ್ನುವುದರ ಮೇಲೆ ನಿಂತಿದ್ದರೆ, ಬಾಳಿನಲ್ಲಿ ಕಳೆದುದರ ಲೆಕ್ಕವೂ ಹಾಗೆಯೇ ಇರಬಹುದೆ? ಕಳೆಯಿತೆಂದು ತಿಳಿಯುವಷ್ಟು ಕಾಲ ಬದುಕಿದವನಿಗೆ ಮಾತ್ರ ಕಳೆದದ್ದು ಕಳೆದದ್ದು. ಮುಂದಿನ ಪುಟಗಳನ್ನು ಓದಿದವನು ನಾನು. ಅವರ ಬದಲಿಗೆ ದುಃಖಪಡುವ ಪಾಲು ನನಗೆ ಬಂತು. ಉಳಿದವರ ಕೆಲಸವೆಂದರೆ ಇದೇ ಇರಬೇಕು.

ಕನ್ನಡದವರಿಗೆ ಈ ದುಃಖದ ಪಾಠ ಹಳೆಯದು. ನಮಗೆ ದೊರೆತಿರುವ ಕನ್ನಡ ಕೃತಿಗಳಲ್ಲಿ ಮೊದಲನೆಯದಾದ, ಸುಮಾರು 850ರ 'ಕವಿರಾಜಮಾರ್ಗ' ತನಗಿಂತ ಹಿಂದಿನವರನ್ನು ಹೆಸರಿಸುತ್ತದೆ. ಗದ್ಯಕ್ಕೆ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯಕ್ಕೆ ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಅವರು ಏನು ಬರೆದರು, ಯಾವ ಮಳೆಯನ್ನು ಕಂಡರು, ಯಾವ ಹೆಣ್ಣನ್ನು ಹೊಗಳಿದರು? ಹೆಸರು ನಿಂತಿದೆ, ಕೃತಿ ಇಲ್ಲ. ನಮ್ಮ ಸಾಹಿತ್ಯದ ಮೊದಲ ಪುಟವೇ ಒಂದು ಉರಿದ ಭಂಡಾರದ ಬಾಗಿಲ ಹಲಗೆ. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳಿಂದ ಬೇರೆಯವರು ಉದಾಹರಣೆಗೆಂದು ಎತ್ತಿಕೊಂಡ ಬಿಡಿ ಪದ್ಯಗಳಷ್ಟೇ ನಮಗೆ ಸಿಕ್ಕಿವೆ. ರನ್ನನ 'ಪರಶುರಾಮಚರಿತ' ಇಲ್ಲ. ಪೊನ್ನನ 'ಭುವನೈಕರಾಮಾಭ್ಯುದಯ' ಇಲ್ಲ. ಆದರೆ ಅದೇ ಪೊನ್ನನ 'ಶಾಂತಿಪುರಾಣ' ಇದೆ. ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು ಎನ್ನುತ್ತಾರೆ. ಸಾವಿರ ಓಲೆಕಟ್ಟು ಅಂದರೆ ಎಷ್ಟು ಮಂದಿ ಲಿಪಿಕಾರರ ಬಗ್ಗಿದ ಬೆನ್ನು, ಎಷ್ಟು ಬರೆಯುವ ಕಂಟಗಳ ಸವೆದ ಮೊನೆ! ಆ ಪ್ರತಿಗಳು ಮೂರ್ಖರ ಕೈಗೂ ಹೋಗಿರಬೇಕು, ಎಣ್ಣೆ ದೀಪದ ಕೆಳಗೂ ಬಿದ್ದಿರಬೇಕು, ಹತ್ತಾರು ಕಡೆ ತಪ್ಪಾಗಿ ಓದಿಸಿಕೊಂಡಿರಬೇಕು. ಹೋರ್ಹೆಯ ಒಂದು ಪ್ರತಿಯ ಪಕ್ಕದಲ್ಲಿ ಈ ಸಾವಿರವನ್ನಿಟ್ಟು ನೋಡಿದಾಗ ಎಂಜಲು ಎಂಬ ಮಾತಿನ ಬಗ್ಗೆ ನನಗಿದ್ದ ಹೇಸಿಗೆ ಕಡಿಮೆಯಾಯಿತು.

ಜಗತ್ತೆಲ್ಲ ವ್ಯಾಸನ ಎಂಜಲು ಎಂದು ನಮ್ಮ ಹಿರಿಯರು ಹೇಳುವಾಗ ಅದರಲ್ಲಿ ತಿರಸ್ಕಾರವಿಲ್ಲ. ಒಬ್ಬನು ಸವಿದದ್ದನ್ನೇ ಇನ್ನೊಬ್ಬನು ಸವಿಯುವುದು ಪರಂಪರೆ. ಪುಸ್ತಕಗಳು ಸದಾ ಬೇರೆ ಪುಸ್ತಕಗಳ ಬಗ್ಗೆಯೇ ಮಾತಾಡುತ್ತವೆ ಎಂಬುದು ಎಕೊ ಅವರ ನಂಬಿಕೆಯೂ ಹೌದು. ಅವರ ಕಾದಂಬರಿ ಶುರುವಾಗುವುದೇ ಹೀಗೆ: 1968ರ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ಒಬ್ಬನಿಗೆ ಒಂದು ಹಳೆಯ ಫ್ರೆಂಚ್ ಪುಸ್ತಕ ಸಿಗುತ್ತದೆ. ಕೆಲವೇ ದಿನಗಳಲ್ಲಿ ಸೋವಿಯತ್ ಟ್ಯಾಂಕುಗಳು ಊರೊಳಕ್ಕೆ ಬರುತ್ತವೆ. ಅವನು ಗಡಿ ದಾಟುತ್ತಾನೆ, ದಾರಿಯಲ್ಲೇ ಅನುವಾದ ಮಾಡುತ್ತಾನೆ, ಜೊತೆಗಿದ್ದ ಪ್ರಿಯಜನ ಅಗಲುವಾಗ ಪುಸ್ತಕವೂ ಹೋಗುತ್ತದೆ. ಉಳಿದದ್ದು ಅವನ ಟಿಪ್ಪಣಿಯ ಹಾಳೆಗಳು. ಅಡ್ಸೊ ಬರೆದ ಲ್ಯಾಟಿನ್ನು, ಅದರ ಮುದ್ರಣ, ಅದರ ಫ್ರೆಂಚು, ಅದರ ಇಟಾಲಿಯನ್ನು ಎಂದು ಕಾದಂಬರಿಯೊಳಗೇ ಬಾಯಿಂದ ಬಾಯಿಗೆ ದಾಟಿ ಬಂದ ಕಥೆ ಅದು. ಅಲ್ಲಿಂದಾಚೆಗೆ 1983ರಲ್ಲಿ ವಿಲಿಯಂ ವೀವರ್ ಮಾಡಿದ ಇಂಗ್ಲಿಷು, ಆಮೇಲೆ ಮೇಷ್ಟ್ರ ಬೆರಳು. ಹೆಸರೂ ಹಾಗೆಯೇ ದಾಟಿ ಬಂದದ್ದು. ಹನ್ನೆರಡನೆಯ ಶತಮಾನದ ಕ್ಲೂನಿಯ ಬರ್ನಾರ್ಡನ ಲ್ಯಾಟಿನ್ ಕಾವ್ಯದ ಒಂದು ಸಾಲು ಕಾದಂಬರಿಯ ಕಡೆಯ ವಾಕ್ಯವಾಗಿದೆ. ಹಿಂದಿನ ಗುಲಾಬಿ ಹೋಯಿತು, ನಮ್ಮ ಕೈಯಲ್ಲಿರುವುದು ಹೆಸರು ಮಾತ್ರ ಎನ್ನುವುದು ಅದರ ಭಾವ. ಮೂಲದಲ್ಲಿ ಅದು ರೋಸಾ ಅಲ್ಲ, ರೋಮಾ ಆಗಿದ್ದಿರಬೇಕು ಎನ್ನುವ ವಿದ್ವಾಂಸರಿದ್ದಾರೆ. ಹಾಗಿದ್ದರೆ ಯಾವನೋ ಲಿಪಿಕಾರನ ಕೈತಪ್ಪಿನಿಂದ ಒಂದು ಅಕ್ಷರ ಬದಲಾಗಿ ಅಳಿದ ನಗರವೊಂದು ಬಾಡಿದ ಹೂವಾಯಿತು, ಆ ಹೂವಿನಿಂದ ಈ ಕಾದಂಬರಿಗೆ ಹೆಸರು ಬಂತು. ಬರ್ನಾರ್ಡ್ ಬಯಸದ ಹೂವು. ಆದರೂ ಅದು ಅರಳಿದೆ.

ಗುಲಾಬಿ ಹೋಗಿ ಹೆಸರು ಉಳಿಯುತ್ತದೆ ಎನ್ನುತ್ತದೆ ಆ ಸಾಲು. ಅಡ್ಸೊನ ಬಾಳಿನಲ್ಲಿ ಆದದ್ದು ಇದರ ತಿರುಗುಮುರುಗು, ಮತ್ತು ಆ ಕಡೆಗೆ ಹೆಚ್ಚು ಓದುಗರು ಗಮನ ಕೊಟ್ಟಂತೆ ನನಗೆ ಕಾಣುವುದಿಲ್ಲ. ಒಂದು ರಾತ್ರಿ ಮಠದ ಅಡುಗೆಮನೆಯ ಕತ್ತಲಲ್ಲಿ ಹಸಿವಿಗಾಗಿ ಮೈಯೊಡ್ಡಲು ಬಂದಿದ್ದ ಹಳ್ಳಿಯ ಬಡ ಹುಡುಗಿಯೊಬ್ಬಳು ಅವನಿಗೆ ಎದುರಾಗುತ್ತಾಳೆ. ಅವಳ ಮಾತು ಅವನಿಗೆ ತಿಳಿಯದು, ಅವನ ಮಾತು ಅವಳಿಗೆ ತಿಳಿಯದು. ಅವನು ಬಾಳಿನಲ್ಲಿ ಪ್ರೀತಿಸಿದ್ದು ಆ ಒಬ್ಬಳನ್ನೇ. ಮುಂದೆ ಅವಳು ವಿಚಾರಣಾಧಿಕಾರಿ ಬರ್ನಾರ್ಡ್ ಗೀಯ ಕೈಗೆ ಸಿಕ್ಕುತ್ತಾಳೆ, ಮಾಟಗಾತಿಯೆಂಬ ಹೆಸರು ಹೊರಿಸಿಕೊಂಡು ಚಿತೆಯ ದಾರಿ ಹಿಡಿಯುತ್ತಾಳೆ. ಅಡ್ಸೊಗೆ ಅವಳ ಹೆಸರು ಗೊತ್ತಿರಲಿಲ್ಲ, ಕಡೆಗೂ ಗೊತ್ತಾಗಲಿಲ್ಲ. ಕವಿರಾಜಮಾರ್ಗದ ಕವಿಗಳ ಹೆಸರಿದೆ, ಅವರಿಲ್ಲ. ಈ ಹುಡುಗಿ ಅವನೊಳಗೆ ಉಸಿರು, ಕೂದಲು, ಬಿಸುಪು ಸಮೇತ ಇದ್ದಾಳೆ, ಹೆಸರಿಲ್ಲ. ಯಾವುದು ಹೆಚ್ಚಿನ ನಷ್ಟ? ಹೆಸರಿದ್ದರೆ ಕೂಗಬಹುದು, ಪ್ರಾರ್ಥನೆಯಲ್ಲಿ ಸೇರಿಸಬಹುದು, ಕಲ್ಲಿನ ಮೇಲೆ ಕೆತ್ತಬಹುದು. ಹೆಸರಿಲ್ಲದವಳು ಅವನೊಬ್ಬನ ನೆನಪಿನಲ್ಲಿ ಮಾತ್ರ ಇರಬಲ್ಲಳು, ಅವನ ಜೊತೆಗೇ ಹೋಗುತ್ತಾಳೆ. ಮಠದ 56 ಕೋಣೆಗಳ ಒಂದೊಂದು ಪುಸ್ತಕಕ್ಕೂ ಪಟ್ಟಿಯಲ್ಲಿ ಜಾಗವಿತ್ತು. ಅದೇ ಬೆಟ್ಟದ ಬುಡದ ಹಳ್ಳಿಯ ಹುಡುಗಿಗೆ ಯಾವ ಪಟ್ಟಿಯಲ್ಲೂ ಜಾಗವಿರಲಿಲ್ಲ. ಪುಸ್ತಕಗಳಿಗಾಗಿ ಕಣ್ಣೀರಿಡುವಾಗಲೆಲ್ಲ ಈ ಮಾತು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಮನುಷ್ಯರು ಏನನ್ನು ಕಾಯಬೇಕೆಂದುಕೊಂಡರು, ಏನನ್ನು ಬೆಂಕಿಗೆ ಕೊಡಬಹುದೆಂದುಕೊಂಡರು ಎಂಬುದರ ತೂಕ ಅಲ್ಲಿದೆ.

ವರ್ಷಗಳ ಮೇಲೆ ಅಡ್ಸೊ ಆ ಬೆಟ್ಟಕ್ಕೆ ಮರಳುತ್ತಾನೆ. ಪಾಳುಗೋಡೆಗಳ ನಡುವೆ ಮಳೆಗಾಳಿಗೆ ಸಿಕ್ಕಿ ಅರ್ಧ ಕೊಳೆತ ಚರ್ಮಪತ್ರದ ಚೂರುಗಳಿವೆ. ಒಂದು ಕಡೆ ಅರ್ಧ ವಾಕ್ಯ, ಒಂದು ಕಡೆ ಬಣ್ಣ ಮಾಸಿದ ಚಿತ್ರದ ನೆರಳು. ಆಯ್ದು ಆಯ್ದು ಎರಡು ಚೀಲ ತುಂಬುತ್ತಾನೆ, ಅದಕ್ಕಾಗಿ ತನಗೆ ಬೇಕಾದ ಸಾಮಾನುಗಳನ್ನು ಅಲ್ಲೇ ಬಿಡುತ್ತಾನೆ. ಉಳಿದ ಬಾಳೆಲ್ಲ ಆ ಚೂರುಗಳನ್ನು ನೋಡುತ್ತ, ಯಾವ ಪುಸ್ತಕದ ಚೂರೆಂದು ಗುರುತಿಸುತ್ತ, ಅದೇ ಪುಸ್ತಕದ ಬೇರೆ ಪ್ರತಿ ಎಲ್ಲಾದರೂ ಸಿಕ್ಕರೆ ನೆಂಟರನ್ನು ಕಂಡಂತೆ ಓದುತ್ತ ಕಳೆಯುತ್ತಾನೆ. ಕೊನೆಗೆ ಆ ಚೂರುಗಳಿಂದ ಯಾವ ಸಂದೇಶವೂ ಹೊರಡುವುದಿಲ್ಲವೆಂಬ ಅನುಮಾನ ಅವನಿಗೆ. ಆದರೂ ಚೀಲವನ್ನು ಎಸೆಯುವುದಿಲ್ಲ. ಇನ್ನೊಂದು ವಸ್ತುವೂ ಅವನ ಬಳಿ ಇದೆ. ಮ್ಯೂನಿಕ್ ನಗರದಲ್ಲಿ ಅಗಲುವಾಗ ವಿಲಿಯಂ ಕೊಟ್ಟ ಕನ್ನಡಕ. ಇಟಲಿಯಲ್ಲಿ ಕನ್ನಡಕ ಬಳಕೆಗೆ ಬಂದು ಆಗಿನ್ನೂ ನಲವತ್ತು ವರ್ಷವಾಗಿತ್ತಷ್ಟೆ, ಬಹಳ ಮಂದಿ ಕಂಡೂ ಇರಲಿಲ್ಲ. ನೀನಿನ್ನೂ ಚಿಕ್ಕವನು, ಮುಂದೊಂದು ದಿನ ಬೇಕಾಗುತ್ತದೆ ಎಂದು ಗುರು ಕೊಟ್ಟದ್ದು. ಆ ಗುರು ಶತಮಾನದ ನಡುವೆ ಬಂದ ಮಹಾಮಾರಿಯಲ್ಲಿ ಹೋದ. ಮುದುಕ ಅಡ್ಸೊ ಈ ಕಥೆಯನ್ನು ಬರೆಯುವಾಗ ಅದೇ ಗಾಜು ಅವನ ಮೂಗಿನ ಮೇಲಿದೆ.

ಎಕೊ 2016ರ ಫೆಬ್ರವರಿ 19ರಂದು ಮಿಲಾನಿನಲ್ಲಿ ತೀರಿಕೊಂಡರು. ಅವರ ಮನೆಯಲ್ಲಿ ಸುಮಾರು 30,000 ಪುಸ್ತಕಗಳಿದ್ದವು. ತಮ್ಮ ಬಗ್ಗೆ ಹತ್ತು ವರ್ಷ ಯಾವ ವಿಚಾರಸಂಕಿರಣವನ್ನೂ ನಡೆಸಬಾರದೆಂದು ಅವರು ಬರೆದಿಟ್ಟಿದ್ದರಂತೆ. ಹೆಸರಿನ ಸುತ್ತ ಗದ್ದಲವೇಳುವ ಮುನ್ನ ಒಂದಿಷ್ಟು ಮೌನ ಇರಲಿ ಎಂದಿದ್ದಿರಬಹುದು.

ಹೋದ ಆಷಾಢದಲ್ಲಿ ಪಕ್ಕದ ಬೀದಿಯ ಹುಡುಗಿಯೊಬ್ಬಳು, ಕಾಲೇಜಿನಲ್ಲಿ ಇತಿಹಾಸ ಓದುವವಳು, ಮೇಷ್ಟ್ರ ಪ್ರತಿಯನ್ನು ನನ್ನ ಮೇಜಿನ ಮೇಲೆ ಕಂಡು "ಓದಿ ಕೊಡ್ಲಾ ಅಂಕಲ್?" ಎಂದಳು. ನನ್ನ ಬಾಯಿಗೆ ಬೇಡವೆಂಬ ಮಾತು ಬಂದಿತ್ತು. ಹಾಳೆ ಸಡಿಲವಾಗಿದೆ, ಹೋದರೆ ಇಂಥದು ಇನ್ನೊಂದಿಲ್ಲ, ಇದರ ಮೂಲೆಗಳಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿಲ್ಲ ಎಂದು ಒಳಗಿನ ಮುದುಕ ಹೇಳಿದ. ಒಂದು ದಿನ ತಡೆದು ಬಾ ಎಂದೆ. ರಾತ್ರಿ ಕೂತು ಬಿಟ್ಟುಕೊಂಡಿದ್ದ ಹಾಳೆಗಳನ್ನು ಸರಿಯಾಗಿ ಸೇರಿಸಿ, ಬೆನ್ನಿಗೆ ಸೂಜಿ ಹಾಕಿ ದಾರದಿಂದ ಬಿಗಿಯಾಗಿ ಹೊಲಿದೆ. ಮಾರನೆಯ ದಿನ ಅವಳು ಬಂದಳು, ಕೊಟ್ಟೆ. ಬೆರಳು ನೆನೆಸಬೇಡ ಎಂದು ಹೇಳಲಿಲ್ಲ.